ಊರಣಿಯ ನೀರು ತಿಳಿಯಾದಾಗ

ನಮ್ಮ ಊರಣಿಯ ನೀರು ಹಾಲು ಹೆಚ್ಚಾದ ಚಹಾದ ಬಣ್ಣದ್ದು. ನಾನು ಮದುವೆಯಾಗಿ ಈ ಊರಿಗೆ ಬಂದಾಗಲೂ ಹಾಗೇ ಇತ್ತು, ನನ್ನ ಅತ್ತೆ ಬಂದಾಗಲೂ ಹಾಗೇ ಇತ್ತಂತೆ. ಬಿಂದಿಗೆಯ ಒಳಮೈಗೆ ತೇತ್ತಾನ್ ಬೀಜ ಉಜ್ಜಿ, ನೀರು ತುಂಬಿ, ಒಂದು ಹೊತ್ತು ಅಲುಗಾಡಿಸದೆ ಇಟ್ಟರೆ ಕೆಸರು ತಳಕ್ಕಿಳಿಯುತ್ತದೆ. ಮೇಲಿನದನ್ನು ಬಗ್ಗಿಸಿಕೊಂಡು ಕುಡಿಯುತ್ತೇವೆ. ಕಡಲು ಇಲ್ಲಿಂದ ಕೂಗಳತೆಯಲ್ಲಿದೆ. ಎಲ್ಲಿ ಬಾವಿ ತೋಡಿದರೂ ಉಪ್ಪು. ಮಳೆಗಾಲದಲ್ಲಿ ಆಕಾಶ ಕೊಟ್ಟದ್ದನ್ನು ಈ ಒಂದು ಕೆರೆಯಲ್ಲಿ ಹಿಡಿದಿಟ್ಟುಕೊಂಡು ನಲವತ್ತೇಳು ಮನೆಯವರು ವರ್ಷವಿಡೀ ಬದುಕಬೇಕು. ಕುಡಿಯುವುದಕ್ಕೆಂದೇ ಕಟ್ಟಿದ ಕೆರೆಯಾದ್ದರಿಂದ ಅದು ಊರಣಿ.

ಅದಕ್ಕೆ ಕಾವಲು ಬೇಕು. ದಿನಕ್ಕೊಂದು ಮನೆಯ ಸರದಿ, ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ. ಸರದಿ ಮುಗಿಸಿದವರು ಸಂಜೆ ತಾಳೆಮರದ ಕೋಲನ್ನು ಮುಂದಿನ ಮನೆಯ ಬಾಗಿಲಿಗೆ ಒರಗಿಸಿ ಬರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದಾಗ ಕೋಲು ಕಂಡಿತೋ, ಹೋಗಲೇಬೇಕು. ಜ್ವರ, ನೆಂಟರು, ಸೂತಕ ಯಾವುದೂ ನೆಪವಲ್ಲ. ಚಪ್ಪಲಿ ಮೆಟ್ಟಿ ಯಾರೂ ಏರಿ ಹತ್ತಕೂಡದು, ದನ ಬರಕೂಡದು, ಸಾಬೂನು ತರಕೂಡದು. ಯಾರ ಕಾಲೂ ನೀರಿಗೆ ತಾಗಕೂಡದು. ಕಲ್ಲಿನ ಮೇಲೆ ನಿಂತು, ಬಗ್ಗಿ, ಬಿಂದಿಗೆ ಮುಳುಗಿಸಬೇಕು. ಎರಡು ವರ್ಷದ ಹಿಂದೆ ಊರೆಲ್ಲ ಸೇರಿ ಹೂಳೆತ್ತಿದಾಗ ಇಳಿದವರೇ ಕೊನೆ, ಆಮೇಲೆ ಅಲ್ಲಿ ಯಾರೂ ಕಾಲಿಟ್ಟಿಲ್ಲ.

ಬೀಗ ಬಿದ್ದ ಮನೆಯ ಸರದಿ ಬಂದರೆ ಕೋಲನ್ನು ಆ ಬಾಗಿಲಿಗೇ ಒರಗಿಸಬೇಕು, ಕಾವಲು ಮಾತ್ರ ಅದರ ಹಿಂದಿನ ಮನೆಯವರ ತಲೆಗೆ. ನಮ್ಮ ಮುಂದಿನ ಮನೆ ಒಚ್ಚಾಯಿ ಅಪ್ಪತ್ತಾಳದು. ಊರಿಗೆಲ್ಲ ಅವಳು ಅಪ್ಪತ್ತಾ, ಅಜ್ಜಿ. ಕಾವಲಿನಲ್ಲಿ ಅವಳಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ನೀರು ಪರೀಕ್ಷಿಸಲು ಪಟ್ಟಣದಿಂದ ಬಂದ ಅಧಿಕಾರಿ ಬೂಟು ಹಾಕಿಕೊಂಡು ಏರಿ ಹತ್ತಿದನೆಂದು ಅವನ ಬೂಟನ್ನೇ ಬಿಚ್ಚಿಸಿ, ಅದನ್ನು ಅವನ ಕೈಯಲ್ಲೇ ಹಿಡಿಸಿ ನಡೆಸಿದ್ದಳು. ತಾಳೆಗರಿ ಕಡಿಯುವಾಗ ಮಚ್ಚು ಜಾರಿ ಅವಳ ಎಡಗಾಲಿನ ಕಿರುಬೆರಳು ಹೋಗಿತ್ತು. ನಡೆದರೆ ಧೂಳಿನಲ್ಲಿ ನಾಲ್ಕೇ ಬೆರಳಿನ ಗುರುತು. ಸಂಕ್ರಾಂತಿ ಕಳೆದ ತೈ ತಿಂಗಳಲ್ಲಿ ಒಂದು ಬೆಳಿಗ್ಗೆ ಏಳಲಿಲ್ಲ. ಹಿಂದೆಮುಂದೆ ಯಾರೂ ಇಲ್ಲದವಳು. ಹದಿನಾರನೆಯ ದಿನದ ಕರ್ಮವನ್ನು ಊರೇ ಮಾಡಿ ಬಾಗಿಲಿಗೆ ಬೀಗ ಹಾಕಿತು.

ಬಿಸಿಲು ಏರಿದ ಚಿತ್ತಿರೈ ತಿಂಗಳಲ್ಲಿ ನನ್ನ ಸರದಿ ಬಂತು, ಮುಗಿಸಿದೆ, ಸಂಜೆ ಕೋಲನ್ನು ಅವಳ ಬಾಗಿಲಿಗೆ ಒರಗಿಸಿದೆ. ಮರುದಿನದ ಕಾವಲೂ ನನ್ನದೇ ಆಗಬೇಕಿತ್ತು. ಆದರೆ ಆ ದಿನವೇ ನನ್ನ ಮಗಳು ಪೂಮಯಿಲು ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು.

"ನಾಳೆ ಅಪ್ಪತ್ತಾ ಮನೆ ದಿನ ಅಲ್ವಾ? ನೀನೇ ತಾನೆ ಹೋಗ್ಬೇಕು?" ಎಂದ ನನ್ನ ಗಂಡ ಕಾತ್ತಮುತ್ತು.

"ಬಸುರಿ ಮಗಳು ಬಾಗಿಲಿಗೆ ಬಂದಾಗ ನಾನು ಕೆರೆ ದಂಡೇಲಿ ಕಾಗೆ ಓಡಿಸ್ತಾ ಕೂತಿರ್ಲಾ?" ಎಂದೆ. "ಕಾವಲಿನ ಹುಚ್ಚು ಇದ್ದದ್ದು ಆ ಮುದುಕಿಗೆ. ಒಂದಿನ ಅವಳೇ ಕಾಯ್ಕೊಳ್ಳಲಿ ಬಿಡು."

ಅವನು ನಕ್ಕ. ನಾನೂ ನಕ್ಕೆ. ಇದನ್ನು ನಾನು ಯಾವ ನಾಲಿಗೆಯಿಂದ ಹೇಳಿದೆನೋ, ಆ ನಾಲಿಗೆಯ ಮೇಲೆ ನನಗಿನ್ನೂ ಸಿಟ್ಟಿದೆ.

ಮರುದಿನ ಮನೆಯಲ್ಲೇ ಉಳಿದೆ. ಮೀನು ಹುರಿಯುತ್ತಿದ್ದಾಗ ಊರಣಿಯ ಪೂರ್ವದ ಕಡೆಯಿಂದ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಅಲ್ಲಿ, ಏರಿಯ ಆಚೆ, ಯಾರೋ ಹೊರಗಿನವರು ಸಿಗಡಿ ಸಾಕುವ ಹೊಂಡಗಳನ್ನು ಮಾಡಿದ್ದರು. ಕಡಲ ನೀರು ಎತ್ತಿ ತುಂಬಿಸುತ್ತಿದ್ದರು. ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಏಳಲಿಲ್ಲ. ಸಂಜೆ ಕೋಲನ್ನು ಮುಂದಿನ ಮನೆಗೆ ಸಾಗಿಸಲು ಅಪ್ಪತ್ತಾಳ ಬಾಗಿಲಿಗೆ ಹೋದಾಗ ಅದರ ತುದಿ ಒಂದು ಗೇಣು ಒದ್ದೆಯಾಗಿತ್ತು. ಹಸಿ ಜೇಡಿಮಣ್ಣು ಮೆತ್ತಿಕೊಂಡಿತ್ತು. ಬೀಗ ಹಾಗೇ ಇತ್ತು. ಸೆರಗಿನಿಂದ ಒರೆಸಿ, ಪಕ್ಕದ ಮುನಿಯನ ಬಾಗಿಲಿಗೆ ಒರಗಿಸಿ, ಯಾರಿಗೂ ಹೇಳದೆ ಮನೆಗೆ ಬಂದೆ.

ಹತ್ತು ದಿನ ಕಳೆದಿರಬಹುದು, ನೀರು ತಿಳಿಯಾಗತೊಡಗಿತು. ಮೊದಲು ಮೆಟ್ಟಿಲಿನ ಎರಡನೆಯ ಕಲ್ಲು ಕಂಡಿತು, ಆಮೇಲೆ ಮೂರನೆಯದು. ಹದಿನೈದನೆಯ ದಿನಕ್ಕೆ ನಡುವಿನವರೆಗೂ ತಳ ಕಾಣುತ್ತಿತ್ತು. ಹೆಂಗಸರು ಬಿಂದಿಗೆ ಮುಳುಗಿಸಿ ಎತ್ತಿ, ಒಳಗೆ ನೋಡಿ ನೋಡಿ ನಕ್ಕರು. ಊರ ಹಿರಿಯ ವೆಳ್ಳೈಚ್ಚಾಮಿಯಂತೂ ಎದೆ ಉಬ್ಬಿಸಿಕೊಂಡು ಓಡಾಡಿದ.

"ನೋಡಿದ್ರಾ? ಹೂಳೆತ್ತೋಣ ಅಂದಾಗ ಬೈದೋರೆಲ್ಲ ಎಲ್ಲಿ ಈಗ? ಊರದೇವ್ರು ಅಯ್ಯನಾರ್ ಕಣ್ಬಿಟ್ಟ. ಶುಕ್ರವಾರ ಪೊಂಗಲಿಡೋಣ."

ನನಗೂ ಸಂತೋಷವೇ. ಮಗಳಿಗೆ ತಿಳಿನೀರು ಕುಡಿಸುತ್ತಿದ್ದೇನಲ್ಲ ಎಂದು. ದಿನಕ್ಕೆ ಎರಡು ಚೊಂಬು ಹೆಚ್ಚಾಗಿಯೇ ಕುಡಿಸಿದೆ.

ಆ ವಾರ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಗೋಡೆಗೆ ಕೋಲು ಒರಗಿತ್ತು. ನಮ್ಮ ಸರದಿಗೆ ಇನ್ನೂ ಒಂದು ತಿಂಗಳಿತ್ತು. ಹಿಂದಿನ ದಿನ ಕಾವಲಿದ್ದ ಕಾಳಿಯಪ್ಪನನ್ನು ಕೇಳಿದರೆ ದೇವರಾಣೆಗೂ ಕೆಳಗಿನ ಬೀದಿಯ ಸಂದನನ ಮನೆಗೆ ಇಟ್ಟುಬಂದೆ ಎಂದ. ಯಾರೋ ತಮಾಷೆ ಮಾಡಿದ್ದಾರೆಂದು ಬೈದುಕೊಂಡೆ. ಆದರೂ ಕೋಲು ಕಂಡವರು ಹೋಗಬೇಕು, ಹೋದೆ.

ಉಚ್ಚಿಹೊತ್ತು, ನೆತ್ತಿಯ ಮೇಲೆ ಸೂರ್ಯ. ಆ ಹೊತ್ತಿನಲ್ಲಿ ಹೆಂಗಸರು ನೀರಿಗೆ ಬರುವುದಿಲ್ಲ. ಏರಿಯ ಮೇಲಿನ ಸೀಮೆಜಾಲಿಯ ಚೂರು ನೆರಳಿನಲ್ಲಿ ನಾನೊಬ್ಬಳೇ. ಆಗ ಗಮನಕ್ಕೆ ಬಂತು: ಕಪ್ಪೆಯ ಸದ್ದೇ ಇಲ್ಲ. ಎಷ್ಟು ದಿನದಿಂದ ಇಲ್ಲವೋ. ಕೊಕ್ಕರೆಯೂ ಇಲ್ಲ. ನೀರು ಇದ್ದಲ್ಲಿ ಏನೂ ಇಲ್ಲದ ಹಾಗಿತ್ತು. ನನ್ನ ನೆರಳು ನೀರಿನ ಮೇಲೆ ನಿಲ್ಲದೆ ನೇರವಾಗಿ ತಳಕ್ಕೆ ಬಿದ್ದಿತ್ತು. ಬಗ್ಗಿ ನೋಡಿದೆ. ನುಣ್ಣನೆಯ ಕೆಸರಿನ ಮೇಲೆ ಹೆಜ್ಜೆಗಳು.

ಮೆಟ್ಟಿಲಿನ ಕೊನೆಯ ಕಲ್ಲಿನಿಂದ ಶುರುವಾಗಿ, ಒಂದರ ಮುಂದೊಂದು, ಪೂರ್ವದ ಏರಿಯ ಕಡೆಗೆ ಹೋಗಿದ್ದವು. ಚಿಕ್ಕ ಪಾದಗಳು. ಬಲಗಾಲಿಗೆ ಐದು ಬೆರಳು. ಎಡಗಾಲಿನವನ್ನು ಎಣಿಸಿದೆ. ಮತ್ತೆ ಎಣಿಸಿದೆ. ನಾಲ್ಕು. ವಾಪಸು ಬಂದ ಹೆಜ್ಜೆ ಒಂದೂ ಇರಲಿಲ್ಲ.

ಓಡಿಹೋಗಿ ವೆಳ್ಳೈಚ್ಚಾಮಿಯನ್ನು ಕರೆತಂದೆ. ಅವನು ಹಣೆಗೆ ಕೈಯಿಟ್ಟು ನೋಡಿದ.

"ಹೂಳೆತ್ತಿದಾಗಿನ ಹೆಜ್ಜೆ ಕಣೇ ಪಂಜವರ್ಣಾ."

"ಎರಡು ಮಳೆಗಾಲ ಆಯ್ತಲ್ಲ ಮಾಮ. ಅಷ್ಟು ಕೆಸರು ಇಳಿದಿದೆ."

"ಆದ್ರೇನು? ನೀರೊಳಗೆ ಗಾಳಿ ಬೀಸಿ ಅಳಿಸಿಬಿಡುತ್ತಾ? ಉಚ್ಚಿಹೊತ್ತಲ್ಲಿ ನೀರು ನೋಡ್ತಾ ಕೂತ್ರೆ ಏನೇನೋ ಕಾಣ್ತದೆ. ತಲೆಗೊಂದು ಬಟ್ಟೆ ಹಾಕ್ಕೋ ಹೋಗು."

ಬೆರಳಿನ ಲೆಕ್ಕವನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅಪ್ಪತ್ತಾಳ ಮನೆಯ ದಿನದ ಕಾವಲು ಯಾರದಿತ್ತು ಎಂಬ ಪ್ರಶ್ನೆಯೂ ಬರುತ್ತಿತ್ತು. ಸಂಜೆ ಹೊರಡುವ ಮುಂಚೆ ಮತ್ತೊಮ್ಮೆ ನೋಡಿದೆ. ಮೊದಲಿನ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಮೂಡಿತ್ತು. ಅದೂ ಹೋದದ್ದೇ.

ಕೋಲನ್ನು ನಾನೇ ಸಂದನನ ಕೈಗೆ ಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಅದು ಮತ್ತೆ ನಮ್ಮ ಬಾಗಿಲಲ್ಲಿತ್ತು, ತುದಿ ಒದ್ದೆಯಾಗಿ. ಆ ದಿನವೂ ಹೋದೆ. ನೀರಿನ ಕಡೆ ನೋಡದೆ, ಅದಕ್ಕೆ ಬೆನ್ನು ಕೊಟ್ಟು ಕೂತು ದಿನ ಕಳೆದೆ.

ಮನೆಯಲ್ಲಿ ಪೂಮಯಿಲಿನ ಕಾಲು ಊದಿಕೊಳ್ಳುತ್ತಿತ್ತು. ರಕ್ತದೊತ್ತಡ ಏರಿದೆ, ಉಪ್ಪು ನಾಲಿಗೆಗೆ ಸೋಕಿಸಬೇಡಿ ಎಂದು ನರ್ಸಮ್ಮ ಹೇಳಿ ಒಂದು ವಾರವಾಗಿತ್ತು. ಉಪ್ಪಿನಕಾಯಿ, ಒಣಮೀನು ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ಅವಳ ಗಂಜಿಯನ್ನು ಬೇರೆ ಮಡಕೆಯಲ್ಲಿ ಸಪ್ಪೆಯಾಗಿ ಬೇಯಿಸುತ್ತಿದ್ದೆ. ಕಾಲು ಮಾತ್ರ ಇಳಿಯಲಿಲ್ಲ. ಬೆರಳಿಟ್ಟು ಒತ್ತಿದರೆ ಕುಳಿ ಬೀಳುತ್ತಿತ್ತು. ಎರಡನೆಯ ದಿನದ ಸಂಜೆ ನಾನು ಕಾವಲಿನಿಂದ ಬಂದು ಗಂಜಿ ಕೊಟ್ಟೆ. ಒಂದು ಗುಟುಕು ಕುಡಿದು ಅವಳು ಮುಖ ಅರಳಿಸಿದಳು.

"ಅಬ್ಬ, ಇವತ್ತಾದ್ರೂ ನಿನ್ನ ಮನಸ್ಸು ಕರಗಿತಲ್ಲಮ್ಮ. ಉಪ್ಪು ಹಾಕಿದೀಯ."

"ಇಲ್ವಲ್ಲೇ."

"ಸುಳ್ಳು ಹೇಳ್ಬೇಡ. ಎಷ್ಟು ಹದವಾಗಿದೆ! ನರ್ಸಮ್ಮಂಗೆ ನಾನೇನು ಹೇಳಲ್ಲ."

ಬಟ್ಟಲು ಕಿತ್ತುಕೊಂಡು ಬಾಯಿಗಿಟ್ಟೆ. ಉಪ್ಪು ಇತ್ತು. ಉಪ್ಪಿನ ಮಡಕೆಗೆ ನಾನು ಕೈಯೇ ಹಾಕಿರಲಿಲ್ಲ.

ಆ ರಾತ್ರಿಯೇ ಅಂಗಳದಲ್ಲಿ ಒಲೆ ಹೂಡಿ, ಒಂದು ಬಿಂದಿಗೆ ಊರಣಿಯ ನೀರನ್ನು ಅಗಲ ಬಾಣಲೆಯಲ್ಲಿ ಸುರಿದು ಕುದಿಸಿದೆ. ಕುದಿಸುತ್ತಲೇ ಇದ್ದೆ. ಎಲ್ಲ ಆರಿದ ಮೇಲೆ ಬಾಣಲೆಯ ತಳದಲ್ಲಿ ಬೆಳ್ಳಗಿನ ಹಕ್ಕಳೆ ಉಳಿಯಿತು. ನನ್ನ ತವರು ಉಪ್ಪಿನ ಗದ್ದೆಗಳ ಊರು. ಕಡಲ ಕಾಲುವೆಯ ನೀರು ಅಲ್ಲಿ ಗಾಜಿನ ಹಾಗಿರುತ್ತದೆ. ಉಪ್ಪು ಸೇರಿದರೆ ಎಂಥ ಕೆಸರೂ ತಾನಾಗಿ ತಳ ಹಿಡಿಯುತ್ತದೆ. ಇದು ಗೊತ್ತಿದ್ದೂ ಇಷ್ಟು ದಿನ ಹಲ್ಲು ಕಿರಿದುಕೊಂಡು ಅದೇ ನೀರನ್ನು ಮಗಳ ಬಾಯಿಗೆ ಹೊಯ್ದಿದ್ದೆ. ದಿನದಿನಕ್ಕೆ ಕೂದಲೆಳೆಯಷ್ಟು ಏರಿದ ಉಪ್ಪು ಊರಿನಲ್ಲಿ ಯಾರ ನಾಲಿಗೆಗೂ ಸಿಕ್ಕಿರಲಿಲ್ಲ, ಸಪ್ಪೆ ತಿನ್ನುತ್ತಿದ್ದ ಅವಳ ನಾಲಿಗೆಗೆ ಮಾತ್ರ ಸಿಕ್ಕಿತು.

ಬೆಳಿಗ್ಗೆ ಪೂಮಯಿಲು ತಲೆ ಹಿಡಿದುಕೊಂಡು ಎದ್ದಳು. ಕಣ್ಣು ಮಂಜಾಗುತ್ತಿದೆ ಎಂದಳು. ಕಾತ್ತಮುತ್ತು ಓಡಿಹೋಗಿ ವ್ಯಾನು ತಂದ. ಅವಳನ್ನು ಹಿಡಿದು ಕೂರಿಸಿ, ನಾನೂ ಹತ್ತಲು ಕಾಲೆತ್ತಿದೆ. ಹಿಂದಿರುಗಿ ಬಾಗಿಲು ಹಾಕಿದೆನೋ ಇಲ್ಲವೋ ಎಂದು ನೋಡಿದೆ. ಕೋಲು ಅಲ್ಲಿತ್ತು. ಮೂರನೆಯ ದಿನ. ಈ ಸಲ ಕೆಸರು ಅರ್ಧ ಕೋಲಿನವರೆಗೆ ಏರಿತ್ತು, ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಎತ್ತಿದ ಕಾಲನ್ನು ಇಳಿಸಿದೆ.

"ಅಮ್ಮಾ, ನೀನು ಬರಲ್ವಾ?"

"ನೀನು ಅಪ್ಪನ ಜೊತೆ ಹೋಗಿರು ಕಣ್ಣಾ. ನಂಗೆ ಊರಣಿ ಹತ್ರ ಒಂದು ಕೆಲಸ ಉಳಿದಿದೆ."

"ನಂಗಿಂತ ಹೆಚ್ಚಾಯ್ತಾ ಅದು?"

ಮುಖ ಆ ಕಡೆ ತಿರುಗಿಸಿಕೊಂಡಳು. ವ್ಯಾನು ಹೊರಟಿತು. ಅವಳು ಸತ್ತರೆ ಕೊನೆಯದಾಗಿ ನನಗೆ ಉಳಿಯುವುದು ಆ ತಿರುಗಿದ ತಲೆಯ ಹಿಂಭಾಗ ಎಂದು ಗೊತ್ತಿದ್ದೂ ನಿಂತೆ. ಆ ನೀರು ಹಾಗೇ ಇದ್ದರೆ ಉಳಿದ ಮನೆಯವರೆಲ್ಲ ಕುಡಿಯುತ್ತಾರೆ.

ಏರಿಯ ಮೇಲೆ ಮೂರು ಕಲ್ಲಿಟ್ಟು ಬಾಣಲೆ ಏರಿಸಿದೆ. ಬಿಂದಿಗೆ ಹೊತ್ತು ಬಂದ ಹೆಂಗಸರು ಸುತ್ತ ನಿಂತರು. ವೆಳ್ಳೈಚ್ಚಾಮಿ ಬಂದ.

"ಏನೇ ಇದು, ಪೊಂಗಲಿರೋದು ಶುಕ್ರವಾರ. ನಿಂಗ್ಯಾಕೆ ಇವತ್ತೇ ಅವಸರ?"

"ಸ್ವಲ್ಪ ತಾಳಿ ಮಾಮ. ಅಯ್ಯನಾರ್ ಏನು ಕೊಟ್ಟಿದಾನೆ ಅಂತ ಕಣ್ಣಾರೆ ನೋಡೋರಂತೆ."

ಬಾಣಲೆ ಆರುವ ಹೊತ್ತಿಗೆ ಉಚ್ಚಿಹೊತ್ತಾಗಿತ್ತು, ಊರೆಲ್ಲ ನೆರೆದಿತ್ತು. ಬಿಳಿಯ ಹಕ್ಕಳೆಯನ್ನು ಉಗುರಿನಿಂದ ಕೆರೆದು ವೆಳ್ಳೈಚ್ಚಾಮಿಯ ಅಂಗೈಗೆ ಹಾಕಿದೆ. ಅವನು ನೆಕ್ಕಿದ. ನೆಕ್ಕಿ ಅಂಗೈಯನ್ನು ಉಳಿದವರ ಮುಂದೆ ಚಾಚಿದ. ಅವನ ಅಂಗೈಯಿಂದ ಒಬ್ಬೊಬ್ಬರೇ ಬೆರಳಿಗೆ ತಾಗಿಸಿಕೊಂಡು ನಾಲಿಗೆಗೆ ಇಟ್ಟುಕೊಂಡರು. ಒಬ್ಬಳು ತುಂಬಿದ ಬಿಂದಿಗೆಯನ್ನು ಅಲ್ಲೇ ಮಗುಚಿಬಿಟ್ಟಳು.

ಆಗ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪತ್ತಾಳ ಮನೆಯ ದಿನ ನಾನು ಕಾಯಲಿಲ್ಲ ಎಂದೆ. ಟ್ರ್ಯಾಕ್ಟರ್ ಸದ್ದು ಕೇಳಿಯೂ ಏಳಲಿಲ್ಲ ಎಂದೆ. ಇಬ್ಬರು ಗಂಡಸರು ಪೂರ್ವದ ಏರಿಯನ್ನು ದಾಟಿ ಆಚೆ ಇಳಿದು ನೋಡಿ ಕೂಗಿದರು: ಸಿಗಡಿ ಹೊಂಡದವರು ತಮ್ಮ ಒಡ್ಡು ಎತ್ತರಿಸಲು ನಮ್ಮ ಏರಿಯ ಬುಡದಿಂದಲೇ ಮಣ್ಣು ಅಗೆದು ಒಯ್ದಿದ್ದಾರೆ, ಅರ್ಧ ಏರಿ ಇಲ್ಲ, ಹೊಂಡದ ನೀರು ಬುಡಕ್ಕೆ ಬಂದು ನಿಂತಿದೆ, ಎಲ್ಲೋ ಒಳಗೆ ಇಳಿಯುತ್ತಿದೆ.

"ತೂಬು ತೆಗೆದು ಇರೋ ನೀರೆಲ್ಲ ಚೆಲ್ಲಬೇಕು," ಎಂದ ವೆಳ್ಳೈಚ್ಚಾಮಿ. "ಮಳೆ ಬರೋವರೆಗೂ ಬೇರೆ ಊರಿಗೆ ಬಿಂದಿಗೆ ಹೊತ್ತು ನಡೀಬೇಕು. ಆದ್ರೆ ಮೊದಲು ತೂತು ಮುಚ್ಚಬೇಕು. ಇಷ್ಟುದ್ದ ಏರೀಲಿ ಅದೆಲ್ಲಿದೆ ಅಂತ ಹುಡುಕೋದು?"

"ನಂಗೊತ್ತು," ಎಂದೆ.

ತಳದಲ್ಲಿ ಹೆಜ್ಜೆಯ ಸಾಲುಗಳು ಈಗ ಒಂದೆರಡಲ್ಲ. ಒಂದು ಕಾಲುದಾರಿಯೇ ಬಿದ್ದಿತ್ತು. ಎಲ್ಲರೂ ಬಗ್ಗಿ ನೋಡಿದರು. ಎಡಗಾಲಿನ ಬೆರಳುಗಳನ್ನು ಯಾರೂ ಬಾಯಿಬಿಟ್ಟು ಎಣಿಸಲಿಲ್ಲ, ಆದರೆ ಮುನಿಯನ ತಾಯಿ ಎರಡೂ ಕೈಯೆತ್ತಿ ಮುಗಿದದ್ದನ್ನು ನಾನು ಕಂಡೆ. ನೀರಿಗೆ ಕಾಲಿಡಲು ಒಬ್ಬರೂ ಮುಂದೆ ಬರಲಿಲ್ಲ. ಹುಟ್ಟಿದಾಗಿನಿಂದ ಬೇಡ ಬೇಡ ಎಂದು ಹೇಳಿಸಿಕೊಂಡ ಕಾಲುಗಳು ಅವು.

ಸೀರೆ ಎತ್ತಿ ಕಟ್ಟಿ ನಾನು ಇಳಿದೆ. ನೀರು ತಣ್ಣಗಿತ್ತು. ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟುಕೊಂಡು ಹೋದೆ. ಏರಿಯ ಹತ್ತಿರ ಎದೆಮಟ್ಟ ಆಯಿತು, ಅಲ್ಲಿ ಒಮ್ಮೆಗೇ ಬೆಚ್ಚಗಿನ ನೀರು ಹೊಟ್ಟೆಗೆ ತಾಗಿತು. ಆಚೆ ಬಿಸಿಲಿಗೆ ಕಾದ ಹೊಂಡದ ನೀರು. ನನ್ನ ಕಾಲಿಗೆ ಎದ್ದ ಕೆಸರಿನಿಂದ ಸುತ್ತ ಏನೂ ಕಾಣದಂತಾಗಿತ್ತು. ಕೈಯಾಡಿಸಿ ತೂತನ್ನು ಹುಡುಕಿದೆ. ತಲೆ ತೂರುವಷ್ಟು ಅಗಲ ಇದ್ದಿರಬೇಕು. ಸುತ್ತಲಿಂದ ಯಾರೋ ಜೇಡಿಮಣ್ಣು ಮೆತ್ತುತ್ತ ಬಂದಿದ್ದರು. ಹಿಡಿ ಹಿಡಿಯಾಗಿ ಒತ್ತಿದ ಮಣ್ಣು, ಅದರ ಮೇಲೆ ಬೆರಳಚ್ಚು. ಸಣ್ಣ, ಗಂಟುಗಂಟಾದ ಬೆರಳುಗಳದು. ಅಷ್ಟು ಮೆತ್ತಿಯೂ ನನ್ನ ಮುಷ್ಟಿಯಗಲದ ಬಾಯಿ ಉಳಿದಿತ್ತು. ಒಂಟಿ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಮಣ್ಣಿಗಾಗಿ ಬಗ್ಗಬೇಕಿತ್ತು, ಬಗ್ಗಿದರೆ ತಲೆ ಮುಳುಗುತ್ತದೆ. ಉಸಿರು ಕಟ್ಟಿಕೊಳ್ಳುತ್ತ ಕೈಯನ್ನು ನೀರಿನೊಳಗೆ ಪಕ್ಕಕ್ಕೆ ಚಾಚಿದೆ. ಅಂಗೈಗೆ ಒಂದು ಮುದ್ದೆ ಮಣ್ಣು ಬಂತು. ಕಲಸಿ ಹದ ಮಾಡಿದ ಮಣ್ಣು.

ನಾನು ಆ ಕಡೆ ತಿರುಗಲಿಲ್ಲ. ಮುದ್ದೆಯನ್ನು ತೂತಿಗೆ ಒತ್ತಿ ಮತ್ತೆ ಕೈ ಚಾಚಿದೆ. ಮತ್ತೆ ಬಂತು. ಒತ್ತಿದೆ, ಚಾಚಿದೆ.

"ಏ ಪಂಜವರ್ಣಾ!" ಏರಿಯ ಮೇಲಿನಿಂದ ವೆಳ್ಳೈಚ್ಚಾಮಿ ಕೂಗಿದ. "ನೀನು ಬಗ್ಗೋದೇ ಕಾಣಲ್ವಲ್ಲೇ? ಮಣ್ಣೆಲ್ಲಿಂದ ತೆಗೀತಿದೀಯಾ?"

ನಾನು ಇನ್ನೊಂದು ಮುದ್ದೆ ಒತ್ತಿದೆ.

ಎಷ್ಟು ಹೊತ್ತಾಯಿತೋ, ಯಾರದೋ ಫೋನು ಬಡಿದುಕೊಂಡಿತು. ಮುನಿಯ ಏರಿಯಂಚಿಗೆ ಓಡಿಬಂದ.

"ಅಕ್ಕಾ! ಆಪರೇಷನ್ ಆಯ್ತಂತೆ! ಹೆಣ್ಣು ಮಗು! ಇಬ್ರೂ ಚೆನ್ನಾಗಿದಾರಂತೆ, ಇನ್ನೊಂದು ಗಂಟೆ ತಡ ಆಗಿದ್ರೆ ಕೈಬಿಟ್ಟು ಹೋಗ್ತಿತ್ತು ಅಂದ್ರಂತೆ!"

ಅಳು ಬಂತು. ಅಷ್ಟು ಜನರ ಮುಂದೆ, ಎದೆಮಟ್ಟ ನೀರಿನಲ್ಲಿ ನಿಂತು, ಬಾಯಿಬಿಟ್ಟು ಅತ್ತೆ. ಅಳುತ್ತಲೇ ಕೈ ಚಾಚಿದೆ, ಮುದ್ದೆ ಬಂತು. ಈ ಸಲ ಅದನ್ನು ಕೊಟ್ಟ ಬೆರಳುಗಳು ನನ್ನ ಅಂಗೈಗೆ ತಾಗಿದವು. ಮೂಳೆಯ ಹಾಗೆ ತಣ್ಣಗಿದ್ದವು, ನಡುಗುತ್ತಿದ್ದವು. ಎಷ್ಟು ದಣಿದಿದ್ದಳೋ. ಹೆದರಿಕೆಯೆಲ್ಲ ಹೋಗಿ ನನಗೆ ನಾಚಿಕೆಯೊಂದೇ ಉಳಿಯಿತು.

"ಸಾಕು ಅಪ್ಪತ್ತಾ," ಎಂದೆ, ತುಟಿ ಅಲುಗಾಡಿಸದೆ. "ಅದು ನನ್ನ ದಿನವಾಗಿತ್ತು. ಈಗ ನಾನು ಬಂದಿದೀನಲ್ಲ. ನೀನು ಮನೆಗೆ ಹೋಗು."

ಆ ಮುದ್ದೆಯನ್ನು ಒತ್ತಿ, ಮತ್ತೆ ಕೈ ಚಾಚಿದೆ. ಬರೀ ನೀರು. ಇನ್ನೂ ದೂರಕ್ಕೆ ಚಾಚಿದೆ. ಯಾರೂ ಇರಲಿಲ್ಲ.

ಹಿಂದೆ ನೀರು ಕಲಕಿದ ಸದ್ದಾಯಿತು. ವೆಳ್ಳೈಚ್ಚಾಮಿ ಪಂಚೆ ಎತ್ತಿ ಕಟ್ಟಿ ಇಳಿಯುತ್ತಿದ್ದ, ಅವನ ಹಿಂದೆ ಮುನಿಯ, ಮುನಿಯನ ತಾಯಿ. ತೂತಿನಲ್ಲಿ ಇನ್ನೂ ಎರಡು ಬೆರಳಿನಷ್ಟು ಬಾಯಿ ಉಳಿದಿತ್ತು. ಉಸಿರು ಹಿಡಿದು, ಮಣ್ಣಿಗಾಗಿ ನಾನೇ ಬಗ್ಗಿದೆ.